ಮಾರೋರ ಮನಸ್ಸು ಕೆಡಿಸೋ ಮಾವ

ನಿಮಗೆ ಯಾರ ಮೇಲಾದರೂ ಹೊಟ್ಟೆಕಿಚ್ಚಿದ್ದು, ಅವರು ಈ ಜನ್ಮದಲ್ಲಿ ಸ್ವಂತ ಮನೆ ಮಾಡಿಕೊಳ್ಳಕೂಡದು ಅಂತಿದ್ದರೆ ನನಗೆ ಹೇಳಿ. ಮಾಟ ಮಂತ್ರ ಏನೂ ಬೇಡ. ನಮ್ಮ ಸೋದರಮಾವನನ್ನು ಒಂದು ದಿನದ ಮಟ್ಟಿಗೆ ಕಳಿಸಿಕೊಡುತ್ತೇನೆ. ಅವರು ಮನೆ ನೋಡುವುದಕ್ಕೆ ಜೊತೆಗೆ ಬಂದರೆ ಸಾಕು, ಮಿಕ್ಕಿದ್ದು ತಾನಾಗಿ ಆಗುತ್ತದೆ. ಅರಸೀಕೆರೆಯಲ್ಲಿ ಒಂದೇ ವರ್ಷದಲ್ಲಿ ಮೂರು ಮನೆ ನಮ್ಮ ಕೈತಪ್ಪುವ ಹಾಗೆ ಮಾಡಿದ ಮಹಾನುಭಾವರು ಅವರು! ಹಾಗಂತ ಮನೆಯಲ್ಲಿ ಐಬು ಹುಡುಕುವ ಪೈಕಿ ಅಂದುಕೊಂಡಿರಾ? ಛೆ, ಇಲ್ಲಪ್ಪ. ಅವರ ಕಣ್ಣಿಗೆ ಎಲ್ಲ ಮನೆಯೂ ಚೆನ್ನಾಗಿಯೇ ಕಾಣುತ್ತದೆ. ಎಷ್ಟು ಚೆನ್ನಾಗಿ ಅಂದರೆ, ಇಂಥಾ ಮನೆಯನ್ನು ಯಾಕೆ ಮಾರುತ್ತೀರಿ ಅಂತ ಮಾರುವವರನ್ನೇ ಕೇಳಿ, ಅವರು ಮಾರದ ಹಾಗೆ ಮಾಡಿ, ಕಾಫಿ ಕುಡಿದು ಎದ್ದು ಬರುತ್ತಾರೆ.

ಇವರು ಅಮ್ಮನ ತಮ್ಮ. ಬೇಲೂರಿನಲ್ಲಿ ನಲವತ್ತು ವರ್ಷ ಒಂದು ಮರದ ಮೇಜು ಹಾಕಿಕೊಂಡು ಪತ್ರ ಬರೆದವರು. ಮನೆ ಮಾರುವವರ ಕ್ರಯಪತ್ರ, ಅಣ್ಣತಮ್ಮಂದಿರ ವಿಭಾಗಪತ್ರ, ಮಗಳಿಗೆ ಕೊಡುವ ದಾನಪತ್ರ, ಎಲ್ಲ ಅವರ ಕೈಯಿಂದಲೇ ಆಗಬೇಕು. ಆ ಅಕ್ಷರ ನೋಡಬೇಕು ನೀವು! ಕಾಗದದ ಮೇಲೆ ಮುತ್ತು ಜೋಡಿಸಿಟ್ಟಂತೆ. ಜ್ಞಾಪಕಶಕ್ತಿಯಂತೂ ಕೇಳಲೇಬೇಡಿ. ಒಮ್ಮೆ ನನ್ನ ಮಗಳಿಗೆ ತೋರಿಸೋಣ ಅಂತ ಹಳೇಬೀಡಿಗೆ ಹೋಗಿದ್ದೆವು. ಊರವರೆಲ್ಲ ದೇವಸ್ಥಾನದ ಗೋಡೆ ನೋಡುತ್ತಿದ್ದರೆ ಇವರು ಅದಕ್ಕೆ ಬೆನ್ನು ಮಾಡಿ ನಿಂತು ರಸ್ತೆಯಾಚೆಯ ಅಂಗಡಿಸಾಲು ತೋರಿಸತೊಡಗಿದರು. ಈ ಎಳನೀರು ಅಂಗಡಿ ಇರುವ ಜಾಗ ಮೊದಲು ಯಾರದ್ದು, ಅವರು ಯಾರಿಗೆ ಕೊಟ್ಟರು, ಬಾವಿ ಯಾರ ಪಾಲಿಗೆ ಹೋಯಿತು, ಬಾವಿಗೆ ಹೋಗುವ ದಾರಿಗಾಗಿ ಯಾವ ಇಬ್ಬರು ಷಡ್ಡಕರು ಮಾತು ಬಿಟ್ಟರು, ಎಲ್ಲ ಗಡಗಡ. ಸ್ವಲ್ಪ ಹೊತ್ತಿಗೆ ಗೈಡು ತನ್ನ ಪ್ರವಾಸಿಗಳನ್ನು ಬಿಟ್ಟು ಇವರ ಪಕ್ಕ ಬಂದು ನಿಂತ. ಪ್ರವಾಸಿಗಳೂ ಅವನ ಹಿಂದೆ ಬಂದರು. ಅವರಲ್ಲೊಬ್ಬರು ಆ ಎಳನೀರು ಅಂಗಡಿಯ ಫೋಟೋ ತೆಗೆದುಕೊಂಡದ್ದನ್ನು ನಾನೇ ಕಣ್ಣಾರೆ ಕಂಡಿದ್ದೇನೆ.

ಇಂಥವರು ನಮ್ಮವರಲ್ಲೇ ಇರುವಾಗ, ಮನೆ ಕೊಳ್ಳುವುದಕ್ಕೆ ಬೇರೆ ಯಾರನ್ನು ಕರೆಯಬೇಕು ಹೇಳಿ?

ಕೊಳ್ಳಲೇಬೇಕಾದ ಕಾಲವೂ ಬಂದಿತ್ತು. ನಾವಿದ್ದ ಬೀದಿಯಲ್ಲಿ ಮೊದಲು ಹೆಂಚಿನ ಮನೆಗಳು, ನಡುವೆ ಎರಡು ಕೊಬ್ಬರಿ ಮಂಡಿ. ಈಗ ಒಂದು ಮಂಡಿ ಹೋಗಿ ಜಿಮ್ ಬಂದಿದೆ, ಇನ್ನೊಂದು ಮಂಡಿ ಹೋಗಿ ಪಾರ್ಟಿ ಹಾಲ್ ಬಂದಿದೆ. ಮಾವನಿಗೆ ಇದು ವೃತ್ತಿಯ ಸಂಕಟ. ಪತ್ರದಲ್ಲಿ ಮನೆಯ ನಾಲ್ಕು ದಿಕ್ಕಿಗೆ ಏನಿದೆ ಅಂತ ಚಕ್ಕುಬಂದಿ ಬರೆಯಬೇಕಲ್ಲ, ಮೊದಲೆಲ್ಲ ಪೂರ್ವಕ್ಕೆ ಇಂಥವರ ಮನೆ, ಪಶ್ಚಿಮಕ್ಕೆ ಇಂಥವರ ಹಿತ್ತಲು ಅಂತ ಮನುಷ್ಯರ ಹೆಸರಿರುತ್ತಿತ್ತಂತೆ. "ಈಗ ಪೂರ್ವಕ್ಕೆ ಜಿಮ್ಮು, ಪಶ್ಚಿಮಕ್ಕೆ ಗೋಬಿ ಮಂಚೂರಿ ಅಂತ ಬರೀಬೇಕೇನೋ?" ಅಂತ ನನ್ನ ಮೇಲೆ ರೇಗುತ್ತಿದ್ದರು. ನಾನೇನು ಗೋಬಿ ಮಂಚೂರಿಯ ಪಾಲುದಾರನೇ?

ನಮ್ಮ ಬಾಡಿಗೆ ಮನೆಯ ಮಾಲೀಕರಿಗೂ ಆ ಗಾಳಿ ಬೀಸಿತು. ಮನೆ ಕೆಡವಿ ಕಾಂಪ್ಲೆಕ್ಸ್ ಕಟ್ಟುತ್ತೇವೆ, ಮಗುವಿನ ಪರೀಕ್ಷೆ ಮುಗಿದ ಕೂಡಲೇ ಬಿಟ್ಟುಕೊಡಿ ಅಂದರು. ಅಮ್ಮ ನನ್ನನ್ನು ಅಡುಗೆಮನೆಗೆ ಕರೆದು ಕೂರಿಸಿಕೊಂಡಳು. ನಾನು ಚಿಕ್ಕವನಿದ್ದಾಗ, ಅಪ್ಪ ಹೋದ ಮೇಲೆ, ಬೇಲೂರಿನಿಂದ ಅರಸೀಕೆರೆಗೆ ಬಂದು ಅಂಗನವಾಡಿ ಕೆಲಸ ಮಾಡುತ್ತ ನನ್ನನ್ನು ಓದಿಸಿದವಳು ಅವಳು. ಇದು ಅವಳ ಒಂಬತ್ತನೆಯ ಬಾಡಿಗೆ ಮನೆ.

"ಇನ್ನೊಂದು ಬಾಡಿಗೆ ಮನೆಗೆ ಪಾತ್ರೆ ಕಟ್ಟೋ ಶಕ್ತಿ ನನಗಿಲ್ಲ ಕಣೋ," ಅಂದಳು. "ಈ ಸಲ ಕಟ್ಟಿದರೆ ನಮ್ಮನೇಗೇ."

ಅಮ್ಮ ಏನನ್ನೂ ಕೇಳುವವಳಲ್ಲ. ಅವಳು ಕೇಳಿದ್ದು ನನಗೆ ಗೊತ್ತಿರುವ ಹಾಗೆ ಅದೊಂದೇ. ನಾನೂ ನನ್ನ ಹೆಂಡತಿಯೂ ಅವತ್ತೇ ಬ್ಯಾಂಕಿಗೆ ಓಡಿದೆವು, ಮಾವನಿಗೆ ಫೋನ್ ಮಾಡಿದೆವು. ಮಾವ ಮಾರನೇ ದಿನವೇ ಬೇಲೂರಿನ ಬಸ್ಸಿಳಿದರು.

ಮೊದಲನೇ ಮನೆ ಸ್ಟೇಷನ್ ಹತ್ತಿರದ್ದು. ಮಾವ ಕನ್ನಡಕ ಏರಿಸಿಕೊಂಡು ಕಾಗದಗಳನ್ನು ಓದಿದರು. ಎಲ್ಲ ಸರಿಯಾಗಿದೆ ಅಂದರು. ನಾನು ಅಡ್ವಾನ್ಸಿನ ಚೆಕ್ಕಿಗೆ ಕೈ ಹಾಕಬೇಕು, ಅಷ್ಟರಲ್ಲಿ ಅವರು ಮನೆಯೊಡೆಯರ ಕಡೆ ತಿರುಗಿದರು. ಕ್ರಯಪತ್ರದ ಕೊನೆಯಲ್ಲಿ 'ಯಾರ ಒತ್ತಾಯವೂ ಇಲ್ಲದೆ ಸ್ವಸಂತೋಷದಿಂದ ಬರೆಸಿಕೊಟ್ಟಿರುತ್ತೇನೆ' ಅಂತ ಒಂದು ಮಾತು ಬರುತ್ತದೆ. ಎಲ್ಲ ಪತ್ರದಲ್ಲೂ ಬರುತ್ತದೆ. ಅದನ್ನು ಬರೆಯುವವನೂ ಓದುವುದಿಲ್ಲ, ರುಜು ಹಾಕುವವನೂ ಓದುವುದಿಲ್ಲ.

"ಸ್ವಸಂತೋಷದಿಂದ ಅಂತ ಬರೀಬೇಕಲ್ಲ," ಅಂದರು ಮಾವ. "ಸಂತೋಷ ಇದೆಯಾ ಸ್ವಾಮಿ ನಿಮಗೆ?"

ಅಲ್ಲಾ, ಮನೆ ಮಾರುವವರನ್ನು ಕೇಳುವ ಮಾತಾ ಇದು? ಆ ಮನುಷ್ಯ ಬೆಪ್ಪಾಗಿ ನೋಡಿದರು. ಆಮೇಲೆ ಒಂದೊಂದೇ ಹೊರಗೆ ಬಂತು. ಪಕ್ಕದ ಮನೆಯವರ ತೆಂಗಿನಮರ ಇವರ ಮಹಡಿ ಮೇಲೆ ವಾಲಿಕೊಂಡಿದೆ. ಕಾಯಿ ಬಿದ್ದು ನೀರಿನ ಟ್ಯಾಂಕು ಒಡೆದಿದೆ. ಜಗಳವಾಗಿ ಮಾತು ಬಿಟ್ಟಿದೆ. ದಿನಾ ಅವರ ಮುಖ ನೋಡಲಾರದೆ ಮನೆಯನ್ನೇ ಮಾರುತ್ತಿದ್ದಾರೆ! ಮಾವ ಚಪ್ಪಲಿ ಮೆಟ್ಟಿ ಪಕ್ಕದ ಮನೆಗೆ ಹೋದರು. ಒಂದು ಗಂಟೆಯಾದ ಮೇಲೆ ಆ ಮನೆಯವರನ್ನೇ ಕರೆದುಕೊಂಡು ಬಂದರು. ಭಾನುವಾರ ಮರ ಕಡಿಸುವುದು ಅಂತಾಯಿತು. ಮನೆ ಮಾರುವುದಿಲ್ಲ ಅಂತಲೂ ಆಯಿತು. ನಮಗೆ ಎರಡು ತೆಂಗಿನಕಾಯಿ ಕೊಟ್ಟು ಕಳಿಸಿದರು.

ನನ್ನ ಹೆಂಡತಿ ಹಗರೆಯವಳು, ಹೈನುಗಾರಿಕೆ ಮನೆಯ ಹೆಣ್ಣು. ದಾರಿಯುದ್ದಕ್ಕೂ ಆ ಕಾಯಿಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಮನೆಗೆ ಬಂದ ಮೇಲೆ, "ನಮ್ಮೂರ ಕಡೆ ಹಸ ಕೊಳ್ಳಾಕೆ ಹೋದ್ರೆ ಹಾಲೆಷ್ಟು ಕೊಡ್ತೈತೆ ಅಂತ ಕೇಳ್ತೀವಿ. ಹಸೀನ ಬಿಟ್ಟಿರಾಕೆ ಆಯ್ತದಾ ಅಂತ ಮಾರೋನ್ನ ಕೇಳಲ್ಲ," ಅಂದಳು. ಅವಳ ಬಾಯಲ್ಲಿ ಊರಿನ ಮಾತು ಬಂತೆಂದರೆ ಸಿಟ್ಟು ನೆತ್ತಿಗೇರಿದೆ ಅಂತ ಅರ್ಥ.

ಎರಡನೇ ಮನೆ ಅಣ್ಣತಮ್ಮಂದಿರದ್ದು. ಎಷ್ಟೋ ವರ್ಷದಿಂದ ಅವರಿಗೆ ಮಾತಿಲ್ಲ, ನಡುಮನೆಯ ಮಧ್ಯೆ ಗೋಡೆ ಬೇರೆ ಎಬ್ಬಿಸಿಕೊಂಡಿದ್ದರು. ಮಾರಿ ಹಂಚಿಕೊಂಡು ಮುಖ ನೋಡದೆ ಹೋಗೋಣ ಅಂತ ಅವರ ಲೆಕ್ಕ. ಮಾವ ಇಬ್ಬರನ್ನೂ ಒಂದೇ ಚಾಪೆಯ ಮೇಲೆ ಕೂರಿಸಿ, ಅವರಪ್ಪ ಆ ಜಾಗ ಕೊಂಡಾಗಿನ ಹಳೇ ಪತ್ರವನ್ನು ಗಟ್ಟಿಯಾಗಿ ಓದಿದರು. 'ನಿಮ್ಮ ಇಬ್ಬರು ಗಂಡುಮಕ್ಕಳ ವಾಸಕ್ಕಾಗಿ' ಅನ್ನುವಲ್ಲಿಗೆ ಬಂದು ಕನ್ನಡಕ ಒರೆಸುವ ನೆಪದಲ್ಲಿ ನಿಲ್ಲಿಸಿದರು. ಅಣ್ಣ ಬಿಕ್ಕಿದ. ತಮ್ಮ ಎದ್ದು ಹೋಗಿ ನೀರು ತಂದುಕೊಟ್ಟ. ನಾನು ಚೆಕ್ಕುಬುಕ್ಕನ್ನು ಜೇಬಿಗೆ ಹಾಕಿಕೊಂಡೆ. ಮುಂದಿನ ವಾರ ಗೋಡೆ ಒಡೆಸಿ ನಮ್ಮನ್ನು ಊಟಕ್ಕೆ ಕರೆದರು. ಒಬ್ಬಟ್ಟು, ಮಾವಿನಕಾಯಿ ಚಿತ್ರಾನ್ನ. ಐವತ್ತು ದಾಟಿದ ಆ ಇಬ್ಬರು ಗಂಡಸರು ಒಬ್ಬರ ಎಲೆಗೊಬ್ಬರು ತುಪ್ಪ ಬಡಿಸಿಕೊಳ್ಳುವುದನ್ನು ನೋಡಿದರೆ ನನಗೆ ಸಿಟ್ಟು ಬರುವ ಬದಲು ಮಾವನ ಕಾಲಿಗೆ ಬೀಳಬೇಕು ಅನ್ನಿಸಿಬಿಟ್ಟಿತು. ಅದೇ ನನ್ನ ಕಷ್ಟ! ಬೈಯಬೇಕು ಅಂತ ಬಾಯಿ ತೆರೆದರೆ, ಇವರು ಎಂಥ ಮನುಷ್ಯ ಅಂತ ತೆರೆದ ಬಾಯಿ ಹಾಗೇ ಇರುತ್ತಿತ್ತು.

ಮನೆ ತೋರಿಸುತ್ತಿದ್ದ ಬ್ರೋಕರ್‌ಗೆ ಅಂಥ ಭಕ್ತಿಯೇನೂ ಇರಲಿಲ್ಲ. "ಸಾರ್, ನಿಮ್ಮ ಮಾವನವರನ್ನ ಬೇಲೂರಲ್ಲೇ ಬಿಡಿ, ಕಮಿಷನ್ನು ಅರ್ಧ ಕೊಡಿ ಸಾಕು," ಅಂತ ಕೈ ಮುಗಿದ.

ಸರಿ, ಮೂರನೇ ಮನೆಯನ್ನು ಮಾವನಿಗೆ ತಿಳಿಸದೆ ನೋಡುವುದು ಅಂತ ಹೆಂಡತಿ ತೀರ್ಮಾನ ಮಾಡಿದಳು. ಭಾನುವಾರ ಬೆಳಿಗ್ಗೆ ಹತ್ತಕ್ಕೆ ಬನ್ನಿ ಅಂದಿದ್ದರು. ಈ ವಾರ ಮನೆ ನೋಡುವುದಿಲ್ಲ ಮಾವ, ಮಾಲೇಕಲ್ಲಿಗೆ ಹೋಗಿ ವೆಂಕಟರಮಣನ ದರ್ಶನ ಮಾಡಿಕೊಂಡು ಬರುತ್ತೇವೆ ಅಂತ ಫೋನಿನಲ್ಲಿ ಸುಳ್ಳು ಹೇಳಿದೆ. ಭಾನುವಾರ ಏಳು ಗಂಟೆಗೆ ಬಾಗಿಲು ತೆರೆದರೆ ಹಣ್ಣುಕಾಯಿ ಚೀಲ ಹಿಡಿದು ಮಾವ! ದೇವರ ದರ್ಶನಕ್ಕೆ ಹಿರಿಯರಿಲ್ಲದೆ ಹೋಗಬಾರದು, ನಾನೂ ಬರುತ್ತೇನೆ ಅಂದರು. ಇನ್ನೇನು ಮಾಡುವುದು? ಬೆಟ್ಟ ಹತ್ತಿದೆವು. ಏದುಸಿರು ಬಿಡುತ್ತ, ಪ್ರತಿ ಮೆಟ್ಟಿಲಿಗೂ ಗಡಿಯಾರ ನೋಡುತ್ತ ಹತ್ತಿದೆವು. ಮೇಲೆ ಹೋಗಿ ಮಾವ ಕಣ್ಣುಮುಚ್ಚಿ, ಎಲ್ಲರಿಗೂ ಕೇಳುವಂತೆ, ಈ ಮಕ್ಕಳಿಗೆ ಬೇಗ ಒಂದು ಮನೆ ಮಾಡಿಕೊಡಪ್ಪ ಅಂತ ಬೇಡಿಕೊಂಡರು. ಪಕ್ಕದಲ್ಲಿ ನನ್ನ ಹೆಂಡತಿಯೂ ಕಣ್ಣುಮುಚ್ಚಿದ್ದಳು. ಅವಳು ಏನು ಬೇಡಿಕೊಂಡಳೋ, ಕೇಳುವ ಧೈರ್ಯ ನನಗಾಗಲಿಲ್ಲ. ಕೆಳಗಿಳಿದು ಬರುವ ಹೊತ್ತಿಗೆ ಆ ಮನೆಗೆ ಬೇರೆ ಯಾರೋ ಅಡ್ವಾನ್ಸ್ ಕೊಟ್ಟಾಗಿತ್ತು.

ಮಗಳ ಪರೀಕ್ಷೆ ಮುಗಿಯಿತು. ಮಾಲೀಕರು ಹದಿನೈದು ದಿನ ಅಂತ ಕಟ್ಟುನಿಟ್ಟಾಗಿ ಹೇಳಿಬಿಟ್ಟರು. ಅಮ್ಮ ಪಾತ್ರೆಗಳನ್ನು ಅಟ್ಟದಿಂದ ಇಳಿಸಿ ಸಾಲಾಗಿ ಇಟ್ಟಳು, ಆದರೆ ಕಟ್ಟಲಿಲ್ಲ. ಎಲ್ಲಿಗೆ ಅಂತ ಗೊತ್ತಾಗದೆ ಹೇಗೆ ಕಟ್ಟುತ್ತಾಳೆ? ಸಾಲಾಗಿಟ್ಟ ಆ ಪಾತ್ರೆಗಳ ಮಧ್ಯೆ ಓಡಾಡುವಾಗ ನನಗೆ ನಾಚಿಕೆಯಾಗುತ್ತಿತ್ತು.

ಆಗ ಸಿಕ್ಕಿದ್ದು ನಾಲ್ಕನೇ ಮನೆ. ನಮ್ಮದೇ ಬೀದಿಯ ಹಿಂದಿನ ಬೀದಿ. ಒಂದು ಕಡೆ ಮೂರಂತಸ್ತಿನ ಲಾಡ್ಜು, ಇನ್ನೊಂದು ಕಡೆ ಬೀಗ ಹಾಕಿದ ಕೊಬ್ಬರಿ ಗೋದಾಮು, ನಡುವೆ ಜಗಲಿಯಿರುವ ಪುಟ್ಟ ಹೆಂಚಿನ ಮನೆ. ಒಡತಿ ನಿವೃತ್ತ ಟೀಚರಮ್ಮ, ಒಂಟಿ ಜೀವ. ಲಾಡ್ಜಿನವರು ಕೇಳಿದ್ದರಂತೆ, ಇವರು ಕೆಡವುವವರಿಗೆ ಕೊಡುವುದಿಲ್ಲ, ವಾಸ ಮಾಡುವವರು ಬಂದರೆ ಕೊಡುತ್ತೇನೆ ಅಂದಿದ್ದರಂತೆ. ಸುಳ್ಳು ಹೇಳಿ ಕೆಟ್ಟಿದ್ದೆವಲ್ಲ, ಈ ಸಲ ಮಾವನಿಗೆ ನಾವೇ ತಿಳಿಸಿದ್ದೆವು. ಅವತ್ತು ಮೊದಲನೇ ಸಲ ಅಮ್ಮನೂ ಬಂದಳು. ಒಳಗೆಲ್ಲ ಒಂದು ಸುತ್ತು ಹಾಕಿ, ಅಡುಗೆಮನೆಯ ಕಿಟಕಿಯ ಹತ್ತಿರ ಸ್ವಲ್ಪ ಹೊತ್ತು ನಿಂತು, ಬಂದು ಜಗಲಿಯ ಮೇಲೆ ಕೂತಳು. ಅವಳಿಗೆ ಮನೆ ಹಿಡಿಸಿದೆ ಅಂತ ನನಗೆ ಗೊತ್ತಾಗಿಹೋಯಿತು.

ಮಾವ ಕಾಗದಗಳನ್ನು ಓದಿ ಮಡಿಸಿದರು. ನನ್ನ ಹೆಂಡತಿ ನನ್ನ ಕೈ ಹಿಡಿದುಕೊಂಡಳು.

"ಸಂತೋಷ ಇದೆಯಾ ತಾಯಿ, ಕೊಡೋದಕ್ಕೆ?"

"ಇಲ್ಲ," ಅಂದರು ಟೀಚರಮ್ಮ, ನೇರವಾಗಿ. "ಈ ಮನೆ ಬಿಡೋದಕ್ಕೆ ಸಂತೋಷ ಎಲ್ಲಿಂದ ಬರಬೇಕು? ಬಿಕ್ಕೋಡಲ್ಲಿ ನನ್ನ ತಂಗಿ ಹಾಸಿಗೆ ಹಿಡಿದಿದಾಳೆ. ಅವಳ ಜೊತೆ ಇರಬೇಕು, ಅವಳ ಔಷಧಿಗೂ ದುಡ್ಡು ಆಗಬೇಕು."

ಮುಗಿಯಿತಲ್ಲಪ್ಪ! ಮಾವನ ಕಣ್ಣು ಆಗಲೇ ಹೊಳೆಯತೊಡಗಿತ್ತು. ತಂಗಿಯನ್ನೇ ಇಲ್ಲಿಗೆ ಕರೆಸಿಕೊಳ್ಳಬಹುದಲ್ಲ, ಬಿಕ್ಕೋಡಿನಿಂದ ಜೀಪು ಮಾಡಿದರಾಯಿತು, ನೋಡಿಕೊಳ್ಳುವುದಕ್ಕೆ ಒಬ್ಬ ಹೆಂಗಸನ್ನು ನಾನೇ ಹುಡುಕಿಕೊಡುತ್ತೇನೆ ಅಂತ ಶುರು ಮಾಡಿಯೇಬಿಟ್ಟರು. ಟೀಚರಮ್ಮ ಯೋಚನೆಗೆ ಬಿದ್ದರು. ನನ್ನ ಹೆಂಡತಿ ಕೈ ಬಿಟ್ಟಳು.

"ಸುಮ್ಮನಿರೋ ನೀನು," ಅಂದಳು ಅಮ್ಮ.

ಜಗಲಿಯ ಮೇಲೆ ಕೂತಲ್ಲಿಂದಲೇ ಅಂದಳು. ದನಿ ಏರಿಸಲೂ ಇಲ್ಲ. ಮಾವ ಅರ್ಧ ಮಾತಿಗೇ ನಿಲ್ಲಿಸಿದರು.

"ಬೇಲೂರಿನ ಮನೆ ಮಾರಿದ ದಿನ ನೀನು ನನ್ನನ್ನ ಈ ಮಾತು ಕೇಳಲಿಲ್ಲ. ಪತ್ರ ನೀನೇ ಬರೆದೆ, ಸ್ವಸಂತೋಷದಿಂದ ಅಂತಲೂ ಬರೆದೆ, ನಾನು ರುಜು ಹಾಕಿದೆ. ಆವತ್ತಿನಿಂದ ಅದನ್ನೇ ಊರವರನ್ನೆಲ್ಲ ಕೇಳ್ಕೊಂಡು ತಿರುಗ್ತಿದೀಯ. ನನಗೆ ಗೊತ್ತಿಲ್ಲ ಅಂದ್ಕೊಂಡಿದೀಯಾ?"

ನನಗೆ ಗೊತ್ತಿರಲಿಲ್ಲ. ಅಜ್ಜನ ಮನೆ ಮಾರಿದ್ದು ಗೊತ್ತಿತ್ತು, ಯಾಕೆ ಅಂತ ಯಾರೂ ಹೇಳಿರಲಿಲ್ಲ. ಅತ್ತೆಗೆ, ಅಂದರೆ ಮಾವನ ಹೆಂಡತಿಗೆ, ಕಾಯಿಲೆ ಜೋರಾಗಿ ಮೈಸೂರಿನ ಆಸ್ಪತ್ರೆಗೆ ಸೇರಿಸಿದ್ದರಂತೆ. ಮನೆಯಲ್ಲಿ ಅಕ್ಕತಮ್ಮ ಇಬ್ಬರಿಗೂ ಹಕ್ಕಿತ್ತು. ಗಂಡನನ್ನು ಕಳೆದುಕೊಂಡು ನನ್ನನ್ನು ಕಟ್ಟಿಕೊಂಡು ಅಮ್ಮ ಅದೇ ಮನೆಯಲ್ಲಿದ್ದಳು. ಮಾರಿದರು. ಅತ್ತೆ ಉಳಿಯಲಿಲ್ಲ. ಮನೆಯೂ ಉಳಿಯಲಿಲ್ಲ.

"ಕೇಳಿದ್ರೆ ಸಂತೋಷ ಇಲ್ಲ ಅಂತಲೇ ಹೇಳ್ತಿದ್ದೆ," ಅಂದಳು ಅಮ್ಮ. "ಆದರೂ ಕೊಡ್ತಿದ್ದೆ. ನಿನ್ನ ಹೆಂಡತಿ ಬದುಕಲಿ ಅಂತ ಕೊಟ್ಟೆ. ಸಂತೋಷಕ್ಕೆ ಯಾರು ಮನೆ ಕೊಡ್ತಾರೋ? ಅವರಿಗೂ ತಂಗಿಗೋಸ್ಕರ ಕೊಡಬೇಕು ಅನ್ನಿಸಿದೆ. ಕೊಡಲಿ ಬಿಡು."

ಟೀಚರಮ್ಮ ಬಂದು ಅಮ್ಮನ ಪಕ್ಕ ಜಗಲಿಯ ಮೇಲೆ ಕೂತರು. ಮಾವ ಕನ್ನಡಕ ತೆಗೆದರು. ಈ ಸಲ ನೆಪಕ್ಕಲ್ಲ. ತುಂಬಾ ಹೊತ್ತು ಒರೆಸಿದರು. ಆಮೇಲೆ, ಕಾಗದ ಎಲ್ಲ ಸರಿಯಾಗಿದೆ, ಮುಂದುವರಿಸಿ, ಅಂತ ನನಗೆ ಮೆಲ್ಲಗೆ ಹೇಳಿ ಆಚೆ ಹೋಗಿ ನಿಂತರು. ಕಾಫಿ ಕುಡಿಯದೆ ಅವರು ಬಂದದ್ದು ಅದೊಂದೇ ಮನೆಯಿಂದ.

ಪತ್ರವನ್ನು ಅವರೇ ಹೇಳಿ ಬರೆಸಿದರು. ಈಗ ಕೈಬರಹ ಎಲ್ಲಿದೆ, ಕಂಪ್ಯೂಟರಿನಲ್ಲಿ ಹುಡುಗಿ ಟೈಪ್ ಮಾಡುತ್ತಿದ್ದಳು. ಕೊನೆಯ ಸಾಲಿಗೆ ಬಂದಾಗ ಅವಳು ಮಾಮೂಲಿನಂತೆ ಸ್ವಸಂತೋಷದಿಂದ ಅಂತ ಹೊಡೆದಿದ್ದಳು. ಅದು ಬೇಡಮ್ಮ, ಮನಸಾರೆ ಒಪ್ಪಿ ಅಂತ ಹಾಕು, ಸಾಕು ಅಂದರು. ಕೊಂಡವರ ಹೆಸರು ಬಂದಾಗ ನಾನೂ ಹೆಂಡತಿಯೂ ಮೊದಲೇ ಮಾತಾಡಿಕೊಂಡಿದ್ದಂತೆ ಅಮ್ಮನ ಹೆಸರನ್ನು ಮೊದಲು ಹಾಕಿಸಿದೆವು. ಅಮ್ಮ ರುಜು ಹಾಕುವಾಗ ಫ್ಯಾನಿನ ಗಾಳಿಗೆ ಹಾಳೆ ಹಾರದಂತೆ ಮಾವ ಎರಡೂ ಕೈಯಲ್ಲಿ ಒತ್ತಿ ಹಿಡಿದಿದ್ದರು.

ಹಾಲುಕ್ಕಿಸಿದ ದಿನ ನೆಂಟರಿಷ್ಟರೆಲ್ಲ ಬಂದು, ಉಂಡು, ಸಂಜೆ ಹೊತ್ತಿಗೆ ಹೊರಟರು. ಮಾವ ಮಾತ್ರ ಜಗಲಿ ಬಿಟ್ಟು ಏಳಲಿಲ್ಲ. ಅಮ್ಮನ ಒಂಬತ್ತು ಬಾಡಿಗೆ ಮನೆಗಳಿಗೂ ಅವರು ಬಂದಿದ್ದರು. ಹಬ್ಬಕ್ಕೆ ಬಂದಿದ್ದರು, ನನ್ನ ಮದುವೆಗೆ ಬಂದಿದ್ದರು, ನನ್ನ ಮಗಳ ನಾಮಕರಣಕ್ಕೆ ಬಂದಿದ್ದರು. ಒಂದು ಮನೆಯಲ್ಲೂ ಒಂದು ರಾತ್ರಿ ಉಳಿದವರಲ್ಲ. ಎಷ್ಟು ಹೇಳಿದರೂ ಬೇಲೂರಿನ ಕೊನೇ ಬಸ್ಸು ಹತ್ತಿಬಿಡುತ್ತಿದ್ದರು. ಬೇರೆ ಕಡೆ ನಿದ್ದೆ ಬರುವುದಿಲ್ಲ ಅನ್ನುತ್ತಿದ್ದರು. ನಾನೂ ಅದನ್ನೇ ನಂಬಿದ್ದೆ.

ಬಸ್ಸಿಗೆ ಹೊತ್ತಾಯಿತು ಮಾವ, ಬೈಕು ತೆಗೆಯಲಾ ಅಂತ ಕೇಳಿದೆ. ಅವರು ಅಡುಗೆಮನೆಯ ಕಡೆ ಮುಖ ಮಾಡಿ, ಚಿಕ್ಕ ಹುಡುಗರ ಹಾಗೆ, ನೆಲ ನೋಡಿಕೊಂಡು ಕೇಳಿದರು.

"ಅಕ್ಕ, ಇವತ್ತು ಇಲ್ಲೇ ಉಳ್ಕೊಳ್ಳಲಾ?"

ಒಳಗೆ ಪಾತ್ರೆ ತೊಳೆಯುವ ಸದ್ದು ನಿಂತಿತು.

"ನಿನ್ನ ಹಾಸಿಗೇನ ಬೆಳಿಗ್ಗೇನೇ ಬಿಸಿಲಿಗೆ ಹಾಕಿದೀನಿ ಕಣೋ," ಅಂದಳು ಅಮ್ಮ. "ಕೈಕಾಲು ತೊಳ್ಕೊಂಡು ಊಟಕ್ಕೆ ಬಾ."