ಲಾಳಿಕೆಯಲ್ಲಿ ಇಳಿದ ಬಾಣಂತಿ ತುಪ್ಪ

ಲಾಳಿಕೆಗಳ ವಿಷಯದಲ್ಲಿ ನನ್ನಷ್ಟು ತಿಳಿದ ಗೃಹಿಣಿ ಆ ಚಳಿಗಾಲದಲ್ಲಿ ದೆಹಲಿಯ ಇಡೀ ಜನಕಪುರಿಯಲ್ಲಿ ಮತ್ತೊಬ್ಬಳಿರಲಿಲ್ಲ. ಇದು ಜಂಬವಲ್ಲ. ಮಗಳು ಅಪೂರ್ವಾಳಿಗೆ ಬಿ.ಎಸ್ಸಿ. ಮೊದಲ ವರ್ಷದ ಕೆಮಿಸ್ಟ್ರಿ ವೈವಾ ಇತ್ತು. ಪುಸ್ತಕ ಹಿಡಿದು ಪ್ರಶ್ನೆ ಕೇಳುವ ಕೆಲಸ ನನ್ನದು. ಕೇಳಿ ಕೇಳಿ, ಉತ್ತರ ಹೇಳುವವಳಿಗಿಂತ ಮೊದಲು ಕೇಳುವವಳಿಗೇ ಪಾಠ ಬಾಯಿಗೆ ಬಂದಿತ್ತು.

ಸೋಸುವ ಕಾಗದವನ್ನು ಕಡಲೆಕಾಯಿ ಪೊಟ್ಟಣದಂತೆ ಮಡಚಿ ಕೂರಿಸಲು ಸಾದಾ ಗಾಜಿನ ಲಾಳಿಕೆ. ಪುಡಿ ಸುರಿಯಲು ಅಗಲ ಕತ್ತಿನ ಗಿಡ್ಡ ಲಾಳಿಕೆ. ಆಸಿಡ್ ಹುಯ್ಯಲು ಕೊಕ್ಕರೆಯ ಹಾಗೆ ಉದ್ದ ಕತ್ತಿನ ಥಿಸಲ್ ಫನಲ್. ನಮ್ಮ ಕಾಫಿ ಫಿಲ್ಟರಿನ ಮೇಲಿನ ಬಟ್ಟಲಂತೆ ತಳದ ತುಂಬ ತೂತಿರುವ ಪಿಂಗಾಣಿಯದು ಬುಕ್ನರ್. ಅದಕ್ಕೆ ಪಂಪು ಹಚ್ಚಿದರೆ ಬೇಗ ಸೋಸುತ್ತದೆ. ಇವರೆಲ್ಲರ ಮಹಾರಾಣಿ ಸೆಪರೇಟಿಂಗ್ ಫನಲ್! ಪೇರ್ ಹಣ್ಣಿನ ಆಕಾರ, ಮೇಲೆ ಬಿರಡೆ, ಕೆಳಗೆ ಪುಟ್ಟ ನಲ್ಲಿ. ಒಂದಕ್ಕೊಂದು ಬೆರೆಯದ ಎರಡು ದ್ರವ ಹಾಕಿ ನಿಲ್ಲಿಸಿದರೆ ಭಾರದ್ದು ಕೆಳಗೆ, ಹಗುರದ್ದು ಮೇಲೆ. ನಲ್ಲಿ ತಿರುಗಿಸಿ, ಕೆಳಗಿನದನ್ನು ಇಳಿಸಿಕೊಳ್ಳಿ. ಕಾನ್ವೆಂಟಿನಲ್ಲಿ ನಮಗೆ ಕಸೂತಿಯಿಂದ ಹಿಡಿದು ಬಾಯಿ ಮುಚ್ಚಿ ಅಗಿಯುವವರೆಗೆ ಎಲ್ಲವನ್ನೂ ಕಲಿಸಿದ್ದರು. ಇಷ್ಟು ಚೆಂದದ ವಸ್ತುವನ್ನು ಮಾತ್ರ ಮುಚ್ಚಿಟ್ಟಿದ್ದರು.

ಮಗಳು ಲ್ಯಾಬಿನಲ್ಲಿ ಅಂಥದ್ದೊಂದನ್ನು ಒಡೆದಿದ್ದಳು. ಬದಲಿಗೆ ಕೊಡಲು ತಂದ ಹೊಸದು, ಪೇಪರು ಸುತ್ತಿಕೊಂಡು ನಮ್ಮ ಕಪಾಟಿನಲ್ಲಿ ಕೂತಿತ್ತು.

ಒಂದು ಭಾನುವಾರ ಅತ್ತೆಯವರ ಫೋನು ಬಂತು. ನಾದಿನಿ ಗೀತಾಳ ಬಾಣಂತನಕ್ಕೆಂದು ಹಾಸನದಿಂದ ಬಂದಿದ್ದ ಅತ್ತೆ, ಮೊದಲು ನಮ್ಮಲ್ಲಿಳಿದು, ಹಿಂದಿನ ದಿನ ಮುನಿರ್ಕಾದಲ್ಲಿರುವ ಅವಳ ಬಾಡಿಗೆ ಮನೆಗೆ ಹೋಗಿದ್ದರು. ರೈಲಿನುದ್ದಕ್ಕೂ ಮಡಿಲಲ್ಲಿಟ್ಟುಕೊಂಡು ತಂದ ತುಪ್ಪದ ಡಬ್ಬಿಯನ್ನು ನಮ್ಮ ಅಡುಗೆಮನೆಯಲ್ಲೇ ಮರೆತಿದ್ದರು.

"ಸುಮಾ, ಬಾಣಂತಿ ಬರೀ ಅನ್ನ ನುಂಗ್ತಿದಾಳೆ. ಮನೆ ಹಸುವಿನ ತುಪ್ಪ ಕಣಮ್ಮ, ನಾನೇ ಕಾಯಿಸಿದ್ದು. ರಾತ್ರಿ ಊಟದ ಹೊತ್ತಿಗೆ ತಲುಪಿಸಿಬಿಡು."

"ಆಗಲಿ ಅತ್ತೆ, ನೀವು ನಿಶ್ಚಿಂತೆಯಾಗಿರಿ!" ಎಂದೆ.

ಹಳೆಯ ಡಬ್ಬಿಯ ಮುಚ್ಚಳ ಸಡಿಲವಾಗಿತ್ತು. ಹೊಸ ಸ್ಟೀಲ್ ಡಬ್ಬಿಗೆ ಬಗ್ಗಿಸೋಣವೆಂದರೆ ದೆಹಲಿಯ ಜನವರಿಗೆ ತುಪ್ಪ ಕಲ್ಲಾಗಿತ್ತು. ಕುದಿಯುವ ನೀರಿನ ಪಾತ್ರೆಯೊಳಗೆ ಡಬ್ಬಿಯನ್ನಿಟ್ಟೆ. ತುಪ್ಪ ಕರಗಿತು. ಡಬ್ಬಿ ತೇಲಿತು. ವಾಲಿತು. ಗುಳುಂ!

ಹೌಹಾರಿ ಎತ್ತುವಷ್ಟರಲ್ಲಿ ತುಪ್ಪದಷ್ಟೇ ನೀರು ಡಬ್ಬಿಯೊಳಗೆ ಸೇರಿಯಾಗಿತ್ತು.

ಪೇಪರು ಓದುತ್ತಿದ್ದ ನಮ್ಮವರು ಎದ್ದು ಬಂದು ಇಣುಕಿದರು. "ಒಲೆ ಮೇಲಿಟ್ಟು ಕಾಯಿಸು, ನೀರು ಹೋಗುತ್ತೆ."

"ಸೀದುಹೋದ್ರೆ? ಇದಕ್ಕೆ ಸೈಂಟಿಫಿಕ್ ವಿಧಾನ ಇದೆ ರೀ," ಎಂದು ಕಪಾಟಿನತ್ತ ನಡೆದೆ.

"ಅದು ಮಗಳದ್ದು ಕಣೆ."

"ತೊಳೆದು ಇಡ್ತೀನಿ. ನೀವು ಹಿಡ್ಕೊಳ್ಳಿ."

ಬಿಸಿಬಿಸಿ ಮಿಶ್ರಣವನ್ನು ಮಹಾರಾಣಿಯೊಳಗೆ ಸುರಿದೆ. ಬಿರಡೆ ಹಾಕು, ತಲೆಕೆಳಗು ಮಾಡು, ಕುಲುಕು ಎಂದು ಮಗಳು ಒಪ್ಪಿಸುತ್ತಿದ್ದಳಲ್ಲ! ಬಟ್ಟೆ ಸುತ್ತಿ ಹಿಡಿದು ಶ್ರದ್ಧೆಯಿಂದ ಕುಲುಕಿದೆ. ನಡುನಡುವೆ ನಲ್ಲಿ ತೆರೆದು ಒಳಗಿನ ಆವಿಯನ್ನು ಹೊರಬಿಡಬೇಕು ಎಂಬುದೂ ಆ ಉತ್ತರದಲ್ಲೇ ಇತ್ತು. ಅದು ಮಾತ್ರ ನನಗೆ ಆಮೇಲೆ ನೆನಪಾಯಿತು.

ಫಟ್!

ಬಿರಡೆ ಹಾರಿ ಹಿಟ್ಟಿನ ಡಬ್ಬಕ್ಕೆ ಬಡಿಯಿತು. ತುಪ್ಪದ ಕಾರಂಜಿ ನಮ್ಮವರ ಸ್ವೆಟರನ್ನೂ ಕನ್ನಡಕವನ್ನೂ ಪಾವನಗೊಳಿಸಿತು. ಅವರು ಕನ್ನಡಕ ಒರೆಸುತ್ತಿದ್ದಂತೆ ಕರೆಂಟೂ ಹೋಯಿತು. ಚಳಿಗಾಲದ ಮಬ್ಬು ಸಂಜೆ. ಮೇಣದಬತ್ತಿ ಹಚ್ಚಿದೆ. ಬಿರಡೆ ಹುಡುಕಿ ಮತ್ತೆ ಬಿಗಿಯಾಗಿ ಜಡಿದೆ. ಸ್ವಲ್ಪ ಹೊತ್ತು ನಿಲ್ಲಿಸಿ, ಸ್ಟೀಲ್ ಡಬ್ಬಿಯನ್ನು ಅಡಿಯಲ್ಲಿಟ್ಟು ನಲ್ಲಿ ತಿರುಗಿಸಿದೆ. ಒಂದು ತೊಟ್ಟು. ಎರಡು ತೊಟ್ಟು. ಮುಷ್ಕರ!

"ಮೇಲೆ ಮುಚ್ಚಿದ್ರೆ ಗಾಳಿ ಎಲ್ಲಿಂದ ಹೋಗಬೇಕು?" ಎನ್ನುತ್ತ ನಮ್ಮವರು ಬಿರಡೆ ಕಿತ್ತರು. ಧಾರೆ ಇಳಿಯತೊಡಗಿತು.

"ಅಲ್ಲ, ಡಬ್ಬಿಗೆ ಯಾಕೆ ಬಿಡ್ತಿದೀಯ? ತುಪ್ಪ ಮೇಲೆ ತೇಲಲ್ವಾ?"

"ರೀ, ತುಪ್ಪ ಗಟ್ಟಿ, ನೀರು ತೆಳು. ಯಾವುದು ಭಾರ ಹೇಳಿ? ನೀವು ಆರ್ಟ್ಸ್ ಓದಿದವರು, ಸುಮ್ನಿರಿ."

ಮೇಣದಬತ್ತಿಯ ಬೆಳಕಿನಲ್ಲಿ ಮೇಲಿನದು, ಕೆಳಗಿನದು ಎರಡೂ ಹಳದಿಯೇ. ಅರ್ಧ ಇಳಿದದ್ದೇ ನಲ್ಲಿ ನಿಲ್ಲಿಸಿದೆ. ಉಳಿದದ್ದನ್ನು, "ಹೋಗು ದರಿದ್ರ ನೀರೇ!" ಎಂದು ಸಿಂಕಿಗೆ ಸುರಿದೆ. ಮೇಲಿಂದ ಒಂದು ಕೆಟಲ್ ಬಿಸಿನೀರನ್ನೂ ಹುಯ್ದೆ. ಸ್ವಚ್ಛತೆಯ ವಿಷಯದಲ್ಲಿ ನಾನು ರಾಜಿಯಾಗುವವಳಲ್ಲ.

ನಾವಿಬ್ಬರೂ ಆಟೋ ಹತ್ತಿದೆವು; ಮುನಿರ್ಕಾದವರೆಗೂ ಡಬ್ಬಿ ನನ್ನ ಮಡಿಲಲ್ಲಿತ್ತು. ಚಳಿಗಾಳಿಗೆ ಅದೂ ತಣ್ಣಗಾಗಿತ್ತು, ನಾನೂ ತಣ್ಣಗಾಗಿದ್ದೆ.

ಅತ್ತೆ ಮುಚ್ಚಳ ತೆರೆದರು. ಮೇಲೆ ಹದವಾಗಿ ಹೆಪ್ಪುಗಟ್ಟಿದ ಹೊಂಬಣ್ಣದ ಕೆನೆ! "ನೋಡು ಗೀತಾ, ಹೇಗೆ ಮರಳುಮರಳಾಗಿ ಕೂತಿದೆ," ಎಂದು ಬಿಸಿ ಅನ್ನದ ತಟ್ಟೆ ಪಕ್ಕಕ್ಕಿಟ್ಟುಕೊಂಡು ಡಬ್ಬಿಗೆ ಚಮಚ ಚುಚ್ಚಿದರು. ಚಮಚ ಸಲೀಸಾಗಿ ಒಳಗೆ ಹೋಯಿತು. ಹಿಡಿಯವರೆಗೂ ಹೋಯಿತು. ಹೊರಬಂದಾಗ ಅದರ ತುಂಬ ನೀರಿತ್ತು.

ಅತ್ತೆ ಚಮಚವನ್ನು ದೀಪದ ಬೆಳಕಿಗೆ ಎತ್ತಿ ಹಿಡಿದರು.

"ಅತ್ತಿಗೆ, ಇದು ತುಪ್ಪನಾ, ತಿಳಿಸಾರಾ?" ಗೀತಾ ಕೇಳಿದಳು.

"ತುಪ್ಪ ಎಲ್ಲಿ ಹೋಯ್ತು?" ಅತ್ತೆ ಕೇಳಿದರು.

ನಾನು ನಮ್ಮವರ ಮುಖ ನೋಡಿದೆ. ಅವರು ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದರು. ಮದುವೆಯಾದಂದಿನಿಂದ ಸಾರಿನ ಮೇಲೆ ಒಗ್ಗರಣೆ ತೇಲುವುದನ್ನು ದಿನಾ ನೋಡಿದವಳು ನಾನು. ಒಂದು ದಿನವೂ ಅದು ತಳದಲ್ಲಿ ಮುಳುಗಿ ಕೂತದ್ದಿಲ್ಲ. ಹಾಸನದ ಹಸುವಿನ ತುಪ್ಪದಿಂದ ಆ ಸಂಜೆ ಸಾಂಗವಾಗಿ ಬಾಣಂತನ ನಡೆದದ್ದು ಜನಕಪುರಿಯ ಚರಂಡಿಗೆ! ಅದೂ ಬಿಸಿನೀರಿನ ಸ್ನಾನದ ಸಮೇತ.

ತಲೆ ತಗ್ಗಿಸಿ ಎಲ್ಲವನ್ನೂ ಹೇಳಿದೆ. ಗೀತಾ ಹೊಲಿಗೆ ಬಿಚ್ಚೀತೆಂದು ಹೊಟ್ಟೆ ಹಿಡಿದುಕೊಂಡು ನಕ್ಕಳು. ಅತ್ತೆ ನಗಲಿಲ್ಲ. ಡಬ್ಬಿಯ ಮೇಲಿದ್ದ ಆ ತೆಳು ಪದರವನ್ನು ಬೆರಳಿನಿಂದ ಬಳಿದು ಮಗಳ ಅನ್ನಕ್ಕೆ ಹಚ್ಚಿದರು. ಅದು ಒಂದು ತುತ್ತಿಗಾಯಿತು.

"ಹೋಗಲಿ ಬಿಡು. ಕೆಳಗಡೆ ಡೈರಿ ಅಂಗಡಿ ಇದೆಯಂತೆ, ತಗೊಂಡು ಬಾ," ಎಂದರು. ನಾನು ಮೆಟ್ಟಿಲಿಳಿಯುತ್ತಿದ್ದಾಗ ಮೇಲಿಂದ ಸಣ್ಣ ದನಿಯಲ್ಲಿ ಸೇರಿಸಿದರು: "ಅಂಗಡಿಯವನಿಗೆ ಹೇಳು, ನೀರನ್ನ ಬೇರೆ ಪೊಟ್ಟಣದಲ್ಲಿ ಕೊಡು ಅಂತ."

ಅಂಗಡಿಯಲ್ಲಿ, "ಭಯ್ಯಾ, ದೇಸೀ ಘೀ. ಅಸ್ಲೀ ಹೈ ನಾ?" ಎಂದು ಕೇಳಿದೆ.

ಪಾಪ, ಅವನು ಮುಚ್ಚಳ ತೆಗೆದು, ನೀವೇ ಪರೀಕ್ಷೆ ಮಾಡಿ ಎಂದು ಒಂದು ಚಮಚವನ್ನೂ ಮುಂದೆ ಚಾಚಿದ. "ಆಪ್ ಖುದ್ ಚೆಕ್ ಕರ್ ಲೀಜಿಯೇ, ಮೇಡಂ."

"ನಹೀ ಭಯ್ಯಾ!" ಎಂದು ನಾನು ಹೆಜ್ಜೆ ಹಿಂದಕ್ಕಿಟ್ಟ ರಭಸಕ್ಕೆ ಅವನು ಬೆಚ್ಚಿಬಿದ್ದ. ನೀವು ಹೇಳಿದ್ದೇ ಸರಿಯೆಂದು ಕೈಮುಗಿದೆ: "ಆಪ್ ಜೋ ಬೋಲೇ, ವಹೀ ಸಹೀ."