ಶಾಂತಕ್ಕನ ಜೋಗುಳಕ್ಕ ನಾ ಹಚ್ಚಿದ ಚಿಹ್ನೆಗಳು

ಸಂಗೀತ ಅಂದ್ರ ನನಗೇನು ಹೊಸದಲ್ಲ. ಕಲಬುರಗಿಯ ಒಂದು ಕಚೇರಿಯೊಳಗ ಗುಮಾಸ್ತ ಆದ್ರೂ, ಐತವಾರಕ್ಕೊಮ್ಮೆ ಹಾರ್ಮೋನಿಯಂ ಬಾರಿಸಾಂವ ನಾನು. ಹಿಂಗಾಗಿ ಕಮಲಾಪುರದ ನಮ್ಮ ಶಾಂತಕ್ಕನ ಗಂಟಲಿಗೆ ಆಪರೇಷನ್ ಆಗಬೇಕು, ಆಮ್ಯಾಲ ದನಿ ಉಳಿಯೂದಿಲ್ಲ ಅಂತ ಡಾಕ್ಟರು ಹೇಳಿದಾಗ, ಎಲ್ಲಾರೂ ಕಣ್ಣೀರು ತೆಗೆದರು, ನಾನು ಲ್ಯಾಪ್‌ಟಾಪ್ ತೆಗೆದೆ!

ವಿಷಯ ಇಷ್ಟು. ನಮ್ಮವ್ವನ ಜೋಗುಳ ಒಂದಿತ್ತು. ಅವ್ವ ಹೋದಮ್ಯಾಲ ಅದು ಪೂರಾ ಬರ್ತಿದ್ದದ್ದು ಅಕ್ಕಗ ಒಬ್ಬಾಕಿಗೇ. ಸಣ್ಣಾಂವಿದ್ದಾಗ ನಾನೂ ಕೇಳೀನಿ, ಆದ್ರ ಎರಡನೇ ಸಾಲಿಗೇ ನಿದ್ದಿ ಹತ್ತತಿತ್ತು. ಈಗ ಅಕ್ಕನ ಮಗಳು ಬಸುರಿ. ಕೂಸಿನ ತೊಟ್ಟಿಲ ಕಾರ್ಯದಾಗ ಆ ಜೋಗುಳ ಆಗಬೇಕು ಅನ್ನೂದು ಅಕ್ಕನ ಒಂದೇ ಆಸೆ. ಆಪರೇಷನ್ನಿಗೆ ಹದಿನೈದು ದಿನ ಉಳಿದಿತ್ತು.

ನನ್ನ ಹೆಂಡತಿ ಮಹಾದೇವಿ, ಮೊಬೈಲ್ ಮುಂದಿಟ್ಟು ಹಾಡಿಸಿಬಿಡ್ರಿ, ಹತ್ತು ನಿಮಿಷದ ಕೆಲಸ ಅಂದಳು. ತಿಳಿವಳಿಕಿ ಇಲ್ಲದವರ ಮಾತು! ರೆಕಾರ್ಡಿಂಗ್ ಯಾರರೆ ಮಾಡ್ತಾರ, ಸಾಫ್ಟ್‌ವೇರಿನಾಗ ಸ್ವರ ಬರದಿಟ್ರ ಮೊಮ್ಮಕ್ಕಳ ಮೊಮ್ಮಕ್ಕಳೂ ಹಾಡ್ತಾರ ಅಂತ ಭಾಷಣ ಬಿಗಿದೆ. ಬೇಕಾದ್ರ ಕಡೀ ದಿನ ರೆಕಾರ್ಡ್ ಮಾಡೂಣು ಅಂತ ದೊಡ್ಡ ಮನಸ್ಸಿಲೆ ಒಪ್ಪಿದೆ.

ರಜಾ ಹಾಕಿ ದಿನಾ ಮುಂಜಾನಿ ಕಮಲಾಪುರದ ಬಸ್ ಹತ್ತಿದೆ. ಅಕ್ಕ 'ಜೋ' ಅಂದಳು. ಅಲ್ಲೇ ಸಿಕ್ಕಿಬಿದ್ದೆ. ಆಕಿ ದನಿ 'ಪ' ಸ್ವರದಿಂದ 'ಗ' ಸ್ವರಕ್ಕ ಮೆಲ್ಲಕ ಜಾರಿ ಬರ್ತಿತ್ತು. ಹಂಗ ಜಾರೂದಕ್ಕ ಮೀಂಡ್ ಅಂತಾರ. ಅದರ ಚಿಹ್ನೆ ಹುಡುಕಲಾಕತ್ತೆ. ಅಕ್ಕಾ, ನಿಲ್ಲು ಅಂದೆ. ನಿಂತಳು. ಇನ್ನೊಮ್ಮೆ ಅನ್ನು ಅಂದೆ. ಅಂದಳು. ಡಾಕ್ಟರು ಮಾತು ಕಡಿಮಿ ಮಾಡು ಅಂದಿದ್ದರು. ನಾನು ಒಂದೇ 'ಜೋ' ನಲವತ್ತು ಸಲ ಅನಿಸಿದೆ. ಮೂರು ದಿನಕ್ಕ ಚಿಹ್ನೆ ಕುಂತಿತು. ಗುಂಡಿ ಒತ್ತಿ ಕೇಳಿದ್ರ, ಜಾರೂದು ಬಿಟ್ಟು 'ಟಣ್, ಟಣ್' ಅಂತು!

ಅಷ್ಟಕ್ಕ ಬಿಟ್ಟಿದ್ರ ನಾನು ಮನುಷ್ಯ ಅನಿಸ್ಕೋತಿದ್ದೆ. ಜೋಗುಳ ಬರೇ ಬರೇ ಕಾಣ್ತದ, ಮೂರು ಸ್ವರ ಒಮ್ಮೆಲೇ ಬಾರಿಸೋ ಕಾರ್ಡು ಹಚ್ಚೂಣು ಅನಿಸ್ತು. ಬರದಷ್ಟು ಸಾಲಿನ ತಲಿಮ್ಯಾಲ ಕಾರ್ಡಿನ ಇಂಗ್ಲಿಷ್ ಅಕ್ಷರ ಕೂಡಿಸಿದೆ. ಕೂಡಿಸಿದಂಗೆಲ್ಲಾ ಕೆಳಗಿನ ಮಾತು ಸರದು ಮುಂದಿನ ಸಾಲಿಗೆ ಹೋತು. ಮತ್ತ ಅಕ್ಕಗ ನಿಲ್ಲಿಸಿದೆ. ಆಕಿ ಬಿಸಿನೀರು ಕುಡದು, ಸಣ್ಣ ದನಿಲೆ ಕೇಳಿದಳು.

"ತಮ್ಮಾ, ಒಮ್ಮೆ ಪೂರಾ ಹಾಡಿಬಿಡ್ಲೇನು?"

"ತಡಿ ಅಕ್ಕಾ, ಎರಡನೇ ಸಾಲಿನ ಕಾರ್ಡು ಇನ್ನೂ ಕುಂತಿಲ್ಲ" ಅಂದೆ.

ಹನ್ನೊಂದನೇ ದಿನ ಅಕ್ಕನ ದನಿ ಪೂರಾ ಕಟ್ಟಿತು. ಡಾಕ್ಟರು ನೋಡಿ, ಇನ್ನ ತಡಾ ಮಾಡೂದು ಬ್ಯಾಡ ಅಂತ ಮರುದಿನವೇ ಆಪರೇಷನ್ ಮಾಡಿದರು. ಜೀವ ಉಳೀತು, ದನಿ ಹೋತು, ಕಡೀ ದಿನದ ರೆಕಾರ್ಡಿಂಗೂ ಹೋತು.

ಎರಡು ತಿಂಗಳಿಗೆ ಕೂಸು ಹುಟ್ಟಿತು. ತೊಟ್ಟಿಲ ಕಾರ್ಯದ ದಿನ ಲ್ಯಾಪ್‌ಟಾಪಿಗೆ ಸ್ಪೀಕರ್ ಹಚ್ಚಿ, ಎರಡನೇ ಸಾಲಿಗೇ ನಿಂತ ನನ್ನ ಮಹಾಕೃತಿ ಲೋಕಾರ್ಪಣೆ ಮಾಡಿದೆ. ಮೊದಲನೇ ಕಾರ್ಡಿಗೇ ಕೂಸು ಬೆಚ್ಚಿ ಚೀರಿತು. ಅಕ್ಕ ಎದ್ದು ಬಂದು ಅದರ ಎದಿ ತಟ್ಟಿದಳು. ಆಕಿ ತುಟಿ ಆಡಿದವು, ಏನೂ ಕೇಳಲಿಲ್ಲ. ನನಗ ತಡಕೊಳ್ಳಲಾಗಲಿಲ್ಲ, ಸ್ಪೀಕರ್ ಬಂದ್ ಮಾಡಿ ಕಣ್ಣು ಒರಸಿಕೊಂಡೆ.

ಮಹಾದೇವಿ ಬೈಯಲಿಲ್ಲ. "ಹನ್ನೊಂದು ದಿನ ಅಕ್ಕೋರ ಎದುರ ಕುಂತಿದ್ರಲ್ಲ, ನೀವೇ ಹಾಡ್ರಿ" ಅಂದಳು.

ಎಲ್ಲಾರೂ ನನ್ನ ಮಾರಿ ನೋಡಿದರು. ಅಕ್ಕನೂ ನೋಡಿದಳು. ಬಾಯಿ ತೆರೆದೆ. ಒಂದು ಸಾಲೂ ಬರಲಿಲ್ಲ. ಆಕಿ ಹಾಡೂವಾಗ ನಾನು ಲ್ಯಾಪ್‌ಟಾಪಿನ ಪರದೆ ನೋಡಿದ್ದೆ, ಹಾಡು ಕೇಳೇ ಇದ್ದಿಲ್ಲ. ನನಗ ನೆನಪಿದ್ದದ್ದು ಒಂದೇ: ಮೀಂಡಿನ ಚಿಹ್ನೆ ಇರೂದು ಮೂರನೇ ಮೆನುವಿನಾಗ, ಮ್ಯಾಲಿಂದ ಏಳನೇದು.