ಚಿಕ್ಕಮ್ಮನ ಡಾಲ್ಫಿನ್ ಬಳಗ

ನಮ್ಮ ಚಿಕ್ಕಮ್ಮನ ಬಳಗ ದೊಡ್ಡದು. ಕಲಬುರಗಿಯಲ್ಲಿ ಅರ್ಧ, ಕಮಲಾಪುರದಲ್ಲಿ ಅರ್ಧ, ಉಳಿದವರೆಲ್ಲ ಸಮುದ್ರದಲ್ಲಿ! ಹೌದು, ಡಾಲ್ಫಿನ್‌ಗಳ ಮಾತೇ ಹೇಳುತ್ತಿದ್ದೇನೆ. ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಕಲಿಸಿ ನಿವೃತ್ತಳಾದ ಈ ಮಹಾತಾಯಿ ಜನ್ಮದಲ್ಲಿ ಸಮುದ್ರ ಕಂಡವಳಲ್ಲ. ಕಂಡ ದೊಡ್ಡ ನೀರೆಂದರೆ ಕಲಬುರಗಿಯ ಅಪ್ಪನ ಕೆರೆ. ಆದರೂ ಡಾಲ್ಫಿನ್ನನ್ನು ಮೀನು ಎಂದವರನ್ನು ಆಕೆ ಬಿಟ್ಟದ್ದುಂಟೇ? "ಮೀನಲ್ಲೋ ತಮ್ಮಾ! ಅದರ ಹಿರ್ಯಾರು ನಾಕು ಕಾಲಿಲೆ ನೆಲದ ಮ್ಯಾಲೆ ತಿರಗ್ಯಾಡಿದವ್ರು!" ಎಂದು ಹಿಡಿದುಕೊಂಡರೆ, ಒಪ್ಪುವ ತನಕ ಬಸ್ಸು ಹತ್ತಲೂ ಬಿಡುವುದಿಲ್ಲ.

ಒಮ್ಮೆ ತೊಗರಿಬೇಳೆ ತರಲು ನೆಹರು ಗಂಜ್‌ಗೆ ಹೋಗಿದ್ದೆವು. ಅಂಗಡಿಯ ಚಾಚಾ ಬೆರಳು ಜೋಡಿಸಿ ಬೇಳೆ ಮೊಗೆದರು. ಅಷ್ಟೇ ಸಾಕಾಯಿತು!

"ಕೈ ಹಂಗೇ ಇರ್ಲಿ ಚಾಚಾ! ಇದರ ಮ್ಯಾಲೆ ಒಂದು ಚರ್ಮದ ಗವಸು ಹಾಕಿದ್ರ ಡಾಲ್ಫಿನ್‌ದ ಈಜುಗೈ. ಒಳಗ ಐದೂ ಬೆರಳಿನ ಎಲುಬು ಇರ್ತಾವ!"

ಚಾಚಾ ಕೈಯನ್ನು ಗಾಳಿಯಲ್ಲೇ ನಿಲ್ಲಿಸಿ, "ಅಚ್ಛಾ ಆಪಾ, ಈಗ ಕೆಳಗ ಇಳಸ್ಲೇನು? ಗಿರಾಕಿ ನಿಂತಾರ" ಎಂದರು. ನಾನು ಬೇಳೆ ಬಿಟ್ಟು ಓಡುವುದೊಂದು ಬಾಕಿ!

ಇಂಥವಳಿಗೆ, ಕಮಲಾಪುರದ ನನ್ನ ತವರಿನಲ್ಲಿ ಮಗಳ ತೊಟ್ಟಿಲ ಕಾರ್ಯವಿದ್ದಾಗ ಬರಬೇಡ ಎನ್ನಲಾದೀತೇ? ಆದರೆ ಆ ದಿನ ನಾನು ನಗುವ ಸ್ಥಿತಿಯಲ್ಲಿರಲಿಲ್ಲ. ಮಗುವಿನ ಬಲಗೈಯ ಎರಡು ಬೆರಳು ಕೂಡಿಕೊಂಡೇ ಹುಟ್ಟಿದ್ದವು. ಸ್ವಲ್ಪ ದೊಡ್ಡವಳಾದ ಮೇಲೆ ಬಿಡಿಸಬಹುದೆಂದು ಡಾಕ್ಟರು ಹೇಳಿದ್ದರು. ನನ್ನ ಅತ್ತೆ ಮಾತ್ರ, ನಾನು ಬಸುರಿಯಿದ್ದಾಗ ಗ್ರಹಣದಲ್ಲಿ ಬದನೆಕಾಯಿ ಹೆಚ್ಚಿದ್ದೇ ಕಾರಣವೆಂದು ತೀರ್ಪು ಕೊಟ್ಟಿದ್ದರು. ಬಂದವರ ಕಣ್ಣಿಗೆ ಬೀಳಬಾರದೆಂದು ಆ ಸುಡುಬಿಸಿಲಿನಲ್ಲೂ ಕೂಸಿಗೆ ಉಣ್ಣೆಯ ಕೈಗವಸು! ನನಗೋ, ನನ್ನ ಕೈಯಿಂದಲೇ ಮಗುವಿನ ಕೈ ಕೆಟ್ಟಿತೇನೋ ಎಂಬ ಸಂಕಟ.

ಚಿಕ್ಕಮ್ಮ ಬಂದವಳೇ ತೊಟ್ಟಿಲಿಗೆ ಕೈಹಾಕಿದಳು.

"ಗವಸು ತೆಗೀಬ್ಯಾಡ್ರಿ," ಎಂದರು ಅತ್ತೆ.

"ಕೂಸು ಬೆವರಾಕತ್ತದರೀ," ಎಂದು ತೆಗೆದೇಬಿಟ್ಟಳು!

ಮನೆ ತುಂಬಿದ ಹೆಣ್ಣುಮಕ್ಕಳೆಲ್ಲ ತೊಟ್ಟಿಲ ಕಡೆ ಕತ್ತು ಚಾಚಿದರು. ಚಿಕ್ಕಮ್ಮ ಆ ಪುಟ್ಟ ಕೈಯನ್ನು ಎಲ್ಲರಿಗೂ ಕಾಣುವಂತೆ ಅಂಗೈ ಮೇಲಿಟ್ಟುಕೊಂಡು ಪಾಠ ಶುರುಮಾಡಿದಳು.

"ಹೊಟ್ಟ್ಯಾಗ ಎಲ್ಲಾರ ಕೈನೂ ಮೊದ್ಲ ಸಣ್ಣ ಸಟ್ಟುಗದ ಹಂಗ ಇರ್ತದ. ಆಮ್ಯಾಲೆ ನಡುವಿನ ಮಾಂಸ ಕರಗಿ ಬೆರಳು ಬಿಡಿಬಿಡಿ ಆಗ್ತಾವ. ಡಾಲ್ಫಿನ್‌ಗೆ ಕರಗೂದಿಲ್ಲ, ಆ ಕೈಲೇ ಈಜ್ತದ. ನಮ್ಮ ಕೂಸಿಗೆ ಒಂದು ಸಂದಿ ಕರಗೂದು ಉಳದದ, ಅಷ್ಟ."

"ಗ್ರಹಣದಾಗ ಬದನಿಕಾಯಿ ಹೆಚ್ಚ್ಯಾಳರೀ ಆಕಿ!" ಅತ್ತೆ ಬಿಡಲಿಲ್ಲ.

"ಹಂಗಂದ್ರ ಸಮುದ್ರದಾಗ ಎಲ್ಲಾ ಡಾಲ್ಫಿನ್ ತಾಯಂದಿರೂ ಬದನಿಕಾಯಿ ಹೆಚ್ಚ್ಯಾರೇನ್ರಿ, ಬೀಗತೇರ?"

ಮೊದಲು ನನ್ನವ್ವ ಕಿಸಕ್ಕನೆ ನಕ್ಕಳು. ಆಮೇಲೆ ಇಡೀ ಮನೆ! ಅತ್ತೆಯೂ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ನಕ್ಕರೋ ಬೈದರೋ ತಿಳಿಯಲಿಲ್ಲ.

ನಗಲಾಗದೆ ಉಳಿದವಳು ನಾನೊಬ್ಬಳೇ. ಚಿಕ್ಕಮ್ಮ ಕೂಸನ್ನು ನನ್ನ ಮಡಿಲಿಗಿಟ್ಟಳು. ಬದನೆಕಾಯಿ ಹೆಚ್ಚಿದ ನನ್ನ ಕೈಯನ್ನು ಹಿಡಿದು, ಹಿಂದುಮುಂದು ತಿರುವಿ ನೋಡಿ, "ಈ ಕೈ ಏನೂ ತಪ್ಪು ಮಾಡಿಲ್ಲವ್ವಾ," ಎಂದಳು. ಮಗಳು ಆ ಕೂಡಿದ ಬೆರಳುಗಳಿಂದಲೇ ನನ್ನ ಹೆಬ್ಬೆರಳನ್ನು ಬಿಗಿಯಾಗಿ ಹಿಡಿದುಕೊಂಡಳು. ಹೆತ್ತಾಗಿನಿಂದ ತಡೆದಿಟ್ಟುಕೊಂಡಿದ್ದ ಅಳು ನನಗೆ ಆಗ ಬಂತು.